ಐವತ್ತೆಂಟು ಮಾರು

ಸೋಮಯ್ಯನ ಅಂಗೈಯಲ್ಲಿ ಗೆರೆಗಳಿರಲಿಲ್ಲ. ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಕುಮಟಾ ಸಂತೆಯಲ್ಲಿ ಕಣಿ ಹೇಳುವ ಹೆಂಗಸೊಬ್ಬಳು ಅವನ ಕೈ ಎಳೆದುಕೊಂಡು ಬಿಸಿಲಿಗೆ ಹಿಡಿದಳು, ಆಚೆ ತಿರುಗಿಸಿದಳು, ಈಚೆ ತಿರುಗಿಸಿದಳು, ಕೊನೆಗೆ ಕೈಯನ್ನು ಅವನ ಮಡಿಲಿಗೇ ವಾಪಸು ಹಾಕಿದಳು.

"ಇದ್ರಲ್ಲಿ ಎಂತ ಓದೂದು ಅಣ್ಣಾ? ಅರೆಯೂ ಕಲ್ಲಿನ ಹಾಂಗೆ ಅದೆ."

"ಇತ್ತು ಮಾರಾಯ್ತಿ, ಹುಟ್ಟುವಾಗ ಇತ್ತು. ಹಗ್ಗ ತಿಂದ್ಕಂಡು ಹೋತು," ಎಂದು ಸೋಮಯ್ಯ ನಕ್ಕ.

ಅವನು ಭಟ್ಕಳದ ಪಕ್ಕದ ಜಾಲಿಯವನು, ಸೋಮಯ್ಯ ನಾಯ್ಕ. ನಾನು ಹೊನ್ನಾವರದ ನಾಗ. ಮುಲ್ಕಿ ಪಾಸಾದವನು, ಆ ಕಾಲಕ್ಕೆ ಅದೇ ದೊಡ್ಡ ವಿದ್ಯೆ. ಅದರ ದೆಸೆಯಿಂದ ಮರ ಕಡಿಯುವ ಕೂಪುಗಳಲ್ಲಿ ಮೇಸ್ತ್ರಿಯಾದೆ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ನನ್ನ ಮೇಸ್ತ್ರಿಕೆ ಹೋಗಲಿಲ್ಲ. ಈಗ ಯಾರಾದರೂ ಕೂಪಿನ ಕಥೆ ಕೇಳಲು ಬಂದರೆ ಆನೆ ಎಷ್ಟಿದ್ದವು, ಹುಲಿ ಬಂದಿತ್ತೇ, ಎಲ್ಲಕ್ಕಿಂತ ದೊಡ್ಡ ಮರ ಕಡಿದವರು ಯಾರು ಎಂದು ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಕೊಡಲಿ ಇದ್ದರೆ ಯಾವ ಕತ್ತೆಯೂ ಮರ ಕಡಿಯುತ್ತದೆ ಮಾರಾಯರೇ! ಕಡಿದದ್ದನ್ನು ಕೆಳಗಿಳಿಸಿದವರು ಯಾರು ಎಂದು ಇಂದಿನವರೆಗೆ ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಯಾಣದ ಕಡೆಯ ಗುಡ್ಡಗಳನ್ನು ನೋಡಿದವರಿಗೆ ಗೊತ್ತು, ಅವು ಗೋಡೆಯಂತೆ ನೆಟ್ಟಗೆ ಎದ್ದಿವೆ. ಗಾಡಿ ಹತ್ತುವುದಿಲ್ಲ. ಆನೆ ಕಾಲಿಡುವುದಿಲ್ಲ, ಆನೆಗೆ ನಮಗಿಂತ ಬುದ್ಧಿ ಹೆಚ್ಚು. ಮೇಲೆ ಕಡಿದ ಮರದ ಕೊಂಬೆ ಸವರಿ ದಿಮ್ಮಿ ಮಾಡಿದರೆ ಅದನ್ನು ಕೆಳಗಿನ ಸಪಾಟು ಜಾಗಕ್ಕೆ ಮುಟ್ಟಿಸಬೇಕು. ಲಾರಿ ಬರುವುದು ಅಲ್ಲಿಯವರೆಗೆ ಮಾತ್ರ. ದಿಮ್ಮಿಯನ್ನು ಸುಮ್ಮನೆ ಉರುಳಿಬಿಟ್ಟರೆ ಬಂಡೆಗೆ ಬಡಿದು ಸೀಳಿ ಸೌದೆಯಾಗುತ್ತದೆ. ದಾರಿಯಲ್ಲಿ ಮನುಷ್ಯ ಸಿಕ್ಕಿದರೆ ಅವನ ಕಥೆಯೂ ಅಷ್ಟೇ. ಅದಕ್ಕೆ ಹಗ್ಗ. ಹಗ್ಗದ ಒಂದು ತುದಿಯನ್ನು ದಿಮ್ಮಿಗೆ ಬಿಗಿಯುವುದು, ನಡುವನ್ನು ಇಳಿಜಾರಿನ ತಲೆಯಲ್ಲಿ ನಿಂತ ಒಂದು ಗಟ್ಟಿ ಮರಕ್ಕೆ ಮೂರು ಸುತ್ತು ಸುತ್ತುವುದು, ಇನ್ನೊಂದು ತುದಿ ಸೋಮಯ್ಯನ ಕೈಯಲ್ಲಿ. ದಿಮ್ಮಿ ಕೆಳಗೆ ಜಗ್ಗುತ್ತದೆ, ಅವನು ಮೇಲಿನಿಂದ ಗೇಣು ಗೇಣಾಗಿ ಬಿಡುತ್ತಾನೆ. ಮರಕ್ಕೂ ಹಗ್ಗಕ್ಕೂ ಉಜ್ಜಿ ಹೊಗೆ ಬರುತ್ತದೆ, ನೀರು ಹೊಯ್ಯಬೇಕು. ಬೆಳಗಿನಿಂದ ಸಂಜೆವರೆಗೆ ಇದೇ ಕೆಲಸ. ಕಾರ್ತಿಕದಿಂದ ಮಳೆಗಾಲದ ಬಾಯಿಯವರೆಗೆ, ಇಪ್ಪತ್ತಾರು ವರ್ಷ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ದಿಮ್ಮಿಯೂ ಅವನ ಕೈ ಮೀರಿ ಓಡಿರಲಿಲ್ಲ. ಆ ಮನುಷ್ಯನಿಗೆ ಹೊಲ ಇರಲಿಲ್ಲ, ಹಣ ಇರಲಿಲ್ಲ, ಮಕ್ಕಳಿರಲಿಲ್ಲ. ಇದ್ದದ್ದು ಅದೊಂದು ಹೆಸರು.

ಹಗ್ಗ ಅವನ ಹೆಂಡತಿ ಮಾಸ್ತಮ್ಮ ಹೊಸೆದದ್ದು. ಬೇರೆಯವರ ಹಗ್ಗವನ್ನು ಅವನು ಮುಟ್ಟುತ್ತಿರಲಿಲ್ಲ. ಜಾಲಿಯಲ್ಲಿ ಅವರ ಮನೆಯ ಹಿಂದೆ ಉಪ್ಪುನೀರಿನ ಹಳ್ಳ. ಅಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಮಳೆಗಾಲ ಪೂರ್ತಿ ಜಗಲಿಯಲ್ಲಿ ಕೂತು ಹೊಸೆಯುತ್ತಿದ್ದಳು. ಪ್ರತಿ ಹತ್ತು ಮಾರಿಗೆ ಒಮ್ಮೆ ತನ್ನ ಹಳೆಯ ಕೆಂಪು ಸೀರೆಯ ಒಂದು ಚಿಂದಿಯನ್ನು ಹುರಿಯ ಒಳಗೇ ಸೇರಿಸಿ ತಿರುಚುತ್ತಿದ್ದಳು. ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಆ ಚಿಂದಿಗಳೇ ಸೋಮಯ್ಯನ ಕಣ್ಣು. ಮೇಲೆ ನಿಂತವನಿಗೆ ಕೆಳಗಿನ ದಿಮ್ಮಿ ಕಾಣಿಸುವುದಿಲ್ಲ, ನಡುವೆ ಗುಡ್ಡದ ಹೊಟ್ಟೆ ಉಬ್ಬಿರುತ್ತದೆ. ಮೂರನೆಯ ಕೆಂಪು ಚಿಂದಿ ಹಗ್ಗ ಸುತ್ತಿದ ಮರವನ್ನು ದಾಟಿ ಹೋಯಿತೆಂದರೆ ದಿಮ್ಮಿ ಮೂವತ್ತು ಮಾರು ಇಳಿದಿದೆ, ತಿರುವಿಗೆ ಬಂದಿದೆ ಎಂದು ಲೆಕ್ಕ. ಇಳಿಜಾರು ಎಷ್ಟು ಮಾರೆಂದು ಮೊದಲೇ ಅಳೆದಿರುತ್ತೇವೆ. ಕೊನೆಯ ಕೆಂಪು ಬಂದು, ಕೆಳಗೆ ಸಪಾಟಿಗೆ ಕೂತ ದಿಮ್ಮಿಯಿಂದ ಹಗ್ಗ ಸಡಿಲವಾದರೆ ಸುತ್ತು ಬಿಚ್ಚಿ ಪೂರ್ತಿ ಬಿಟ್ಟುಬಿಡುವುದು. ಬಿಟ್ಟರೇ ಕೆಳಗಿನವನು ಗಂಟು ಬಿಚ್ಚಿ ದಿಮ್ಮಿಯನ್ನು ಲಾರಿಯ ಕಡೆ ಹೊರಳಿಸಬಹುದು.

ಕೆಳಗಿನವನು ಮಾಬ್ಲ, ಗುಡ್ಡದ ಬುಡದ ಹಾಲಕ್ಕಿ ಕೇರಿಯ ಹುಡುಗ. ಹುಡುಗ ಎಂದೆ, ಅವನಿಗೂ ಆಗ ಇಪ್ಪತ್ತೆಂಟು, ಮದುವೆಯಾಗಿ ಮಾದಿಯೆಂಬ ಹೆಂಡತಿ ಬಂದಿದ್ದಳು. ಇಡೀ ದಿನ ಹಾಡು. ದಿಮ್ಮಿ ಸಪಾಟಿಗೆ ಮುಟ್ಟಿದೊಡನೆ ಅವನು "ಕೂ" ಎಂದು ಕೂಗಬೇಕು. ಅದರ ಜೊತೆಗೆ ಒಂದು ಚೇಷ್ಟೆಯ ಸೊಲ್ಲನ್ನೂ ಸೇರಿಸುತ್ತಿದ್ದ.

"ಕೂ...! ಹೆಂಡ್ತಿ ಸೀರೆ ಹರ್ಕಂಡು ಕೂಪು ನಡೆಸೂ ಸೋಮಯ್ಯಣ್ಣೋ!"

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಮೇಲಿನಿಂದ ಸೋಮಯ್ಯ ಬೈಯುತ್ತಿದ್ದ. ಗಂಜಿಯ ಹೊತ್ತಿಗೆ ಇಬ್ಬರೂ ಒಂದೇ ಎಲೆಯ ಉಪ್ಪಿನಕಾಯಿ ನೆಕ್ಕುತ್ತಿದ್ದರು. ಮಾಬ್ಲ ಎಲ್ಲರ ಎದುರಿಗೂ ಒಂದು ಮಾತು ಹೇಳುತ್ತಿದ್ದ, "ಸೋಮಯ್ಯಣ್ಣನ ಕೈಲಿ ಹಗ್ಗ ಇದ್ರೆ ನಾ ದಿಮ್ಮಿ ಕೆಳಗೇ ಕಂಬಳಿ ಹಾಸ್ಕಂಡು ಮನಗ್ತೆ." ಅದು ತಮಾಷೆಯಲ್ಲ, ಅವನು ಹಾಗೇ ನಂಬಿದ್ದ.

ಹಗ್ಗ ಸುತ್ತುವ ಮರಕ್ಕೆ ನಾವು ಹಿಡಿಮರ ಎನ್ನುತ್ತಿದ್ದೆವು. ಒಂದೊಂದು ಇಳಿಜಾರಿಗೆ ಒಂದೊಂದು. ಅದನ್ನು ಕಡಿಯುವುದಿಲ್ಲ. ಅದಕ್ಕೆ ಯಾರೂ ಕೊಡಲಿ ಒರಗಿಸುವುದೂ ಇಲ್ಲ, ಗೊತ್ತಿಲ್ಲದೆ ಹೊಸಬ ಒರಗಿಸಿದರೆ ಆ ದಿನ ಅವನಿಗೆ ಗಂಜಿಯಿಲ್ಲ. ಕೂಪು ಮುಗಿದ ದಿನ ಅದರ ಬುಡಕ್ಕೆ ಒಂದು ತೆಂಗಿನಕಾಯಿ ಒಡೆದು ಹೊರಟುಬಿಡುವುದು. ದೇವರ ಮರವೇನಲ್ಲ. ಇಷ್ಟು ದಿನ ನಮ್ಮ ಭಾರ ಹೊತ್ತದ್ದಕ್ಕೆ ಒಂದು ಮರ್ಯಾದೆ, ಅಷ್ಟೇ.

೧೯೬೧ರ ಮೇ ತಿಂಗಳು. ಆ ಕೂಪಿನಲ್ಲಿ ಎಲ್ಲ ಮರಗಳನ್ನೂ ನೆಲಸಮ ಮಾಡಿ ಸಾಗವಾನಿ ನೆಡುವುದೆಂದು ತೀರ್ಮಾನವಾಗಿತ್ತು. ಏಳು ತಿಂಗಳು ಕಡಿದು, ಇಳಿಸಿ, ಗುಡ್ಡ ಬೋಳಾಗಿತ್ತು. ತಲೆಯಲ್ಲಿ ಹಿಡಿಮರವೊಂದೇ ಉಳಿದಿತ್ತು. ದೊಡ್ಡ ಮತ್ತಿ, ಇಬ್ಬರು ತಬ್ಬಿದರೂ ಕೈ ಕೂಡುತ್ತಿರಲಿಲ್ಲ. ಸೋಮಯ್ಯನ ಹಗ್ಗ ಸುತ್ತಿದಲ್ಲಿ ಅದರ ತೊಗಟೆ ಸವೆದು ನುಣ್ಣಗಾಗಿತ್ತು. ನಮಗೆಲ್ಲ ಮೈ ಸೋತಿತ್ತು. ನನಗಂತೂ ಏಪ್ರಿಲಿನಲ್ಲಿ ಹದಿನೈದು ದಿನ ಚಳಿಜ್ವರ ಬಂದು ಹೋಗಿ, ನಾಲ್ಕು ಹೆಜ್ಜೆ ಹತ್ತಿದರೆ ಮೊಣಕಾಲು ನಡುಗುತ್ತಿತ್ತು. ಮನೆಗೆ ಹೋಗಿ ಒಂದು ವಾರ ಮಲಗಬೇಕು, ಬೇರೆ ಏನೂ ಬೇಡ ಎನ್ನುವಂತಾಗಿತ್ತು.

ಆಗ ಕಂತ್ರಾಟುದಾರ ಶಾಂತಾರಾಮ ಶ್ಯಾನಭಾಗರು ಕೊಡೆ ಊರಿಕೊಂಡು ಮೇಲೆ ಬಂದರು. ಕೆಟ್ಟ ಮನುಷ್ಯರಲ್ಲ. ಗದರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮತ್ತಿಯ ಸುತ್ತ ಒಂದು ಸುತ್ತು ಬಂದು, "ಇದಕ್ಕೂ ಕಡಿಯುವ ಗುರುತು ಬಿದ್ದಿದೆಯಲ್ಲ ನಾಗಪ್ಪ. ಬಿಟ್ಟು ಹೋಗುವುದು ಯಾಕೆ?" ಎಂದರು.

"ಅದು ಹಿಡಿಮರ, ಶ್ಯಾನಭಾಗರೇ," ಎಂದೆ.

"ಹಿಡಿಯುವಂಥದ್ದು ಇನ್ನೇನು ಉಳಿದಿದೆ ಈ ಗುಡ್ಡದ ಮೇಲೆ?"

ಸೋಮಯ್ಯ ಹಗ್ಗ ಸುರುಳಿ ಸುತ್ತುತ್ತ ಕೂತಿದ್ದವನು ತಲೆಯೆತ್ತಿದ. "ಒಡೆಯಾ, ಇದು ಎಲ್ಲವನ್ನೂ ಹಿಡಿದು ಇಳಿಸ್ತು. ಇದನ್ನ ಹಿಡಿದು ಇಳಿಸೂದು ಯಾವ್ದು?"

ಶ್ಯಾನಭಾಗರು ನನ್ನ ಮುಖ ನೋಡಿದರು. ಆ ಪ್ರಶ್ನೆಗೆ ಉತ್ತರ ಇಲ್ಲ ಎಂದು ನಾನು ಹೇಳಿದ್ದರೆ ಅವರು ಕೊಡೆ ಬಿಚ್ಚಿಕೊಂಡು ಇಳಿದು ಹೋಗುತ್ತಿದ್ದರು. ಆದರೆ ನಾನು ಮುಲ್ಕಿ ಪಾಸಾದವನು. ಉತ್ತರ ಗೊತ್ತಿಲ್ಲ ಎನ್ನುವುದು ಹೇಗೆ? ಬಡಗಣ ಬದಿಗೆ ಒಂದು ಕರಿಬಂಡೆ ಕೊಂಬಿನಂತೆ ಎದ್ದು ನಿಂತಿತ್ತು. ಅದನ್ನು ತೋರಿಸಿ, "ಅದಕ್ಕೆ ಗೋಣಿಚೀಲ ಸುತ್ತಿ ಹಗ್ಗ ಹಾಕಬಹುದು," ಎಂದೆ.

ಹಾಕಬಹುದು, ಸರಿ. ಆದರೆ ಬಂಡೆ ಪಕ್ಕಕ್ಕಿದ್ದದ್ದರಿಂದ ದಿಮ್ಮಿ ಹಳೆಯ ದಾರಿಯಲ್ಲಿ ಇಳಿಯುವಂತಿರಲಿಲ್ಲ. ಬಂಡೆಯ ಕೆಳಗಿನ ಒಂದು ಕೊರಕಲಿನಲ್ಲಿ ಇಳಿಸಬೇಕು. ಆ ಕೊರಕಲಿಗೆ ಅಡ್ಡ ಮತ್ತೊಂದು ಬಂಡೆ ಇದ್ದು, ಕೆಳಗಿನ ಕೂಗು ಮೇಲೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಇದ್ದದ್ದು ಚಿಂದಿಗಳ ಲೆಕ್ಕ ಒಂದೇ. ಕೊಡಲಿಯವರು ಎರಡು ದಿನ ಮತ್ತಿಯನ್ನು ಕಡಿದರು. ಸೋಮಯ್ಯ ಆ ಎರಡೂ ದಿನ ಅದರ ಕಡೆ ಬೆನ್ನು ಹಾಕಿ ಕೂತಿದ್ದ. ಬಿದ್ದ ಮೇಲೆ ಕೊಂಬೆ ಸವರಿ, ದಿಮ್ಮಿಯನ್ನು ಬಂಡೆಯ ಬುಡಕ್ಕೆ ಹೊರಳಿಸಿ ತಂದೆವು.

"ಮೇಸ್ತ್ರೇರೇ, ಈ ಕೊರಕಲು ಎಷ್ಟು ಮಾರು ಅಂತ ಅಳೆದು ಹೇಳಿ. ನನ್ನ ಮೊಣಕಾಲು ಇಳಿಯೂಕೆ ಕೇಳೂದಿಲ್ಲ," ಎಂದ ಸೋಮಯ್ಯ.

ಇಲ್ಲಿಂದ ಮುಂದೆ ನಾನು ಹೇಳುವುದನ್ನು ಸರಿಯಾಗಿ ಕೇಳಿ. ಆರು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ನೂಲು ಹಿಡಿದು ಬಂಡೆಯಿಂದ ಇಳಿದೆ. ಒಂದು, ಎರಡು ಎಂದು ಕೈ ಚಾಚಿ ಅಳೆಯುತ್ತ ಮೂವತ್ತು ಮಾರು ಇಳಿದೆ. ಅಲ್ಲಿ ಆ ಅಡ್ಡ ಬಂಡೆ. ಅದರಾಚೆ ಮುಳ್ಳುಕಂಟಿ, ಅದರ ಕೆಳಗೆ ಕಾಣಿಸದ ಇಳಿಜಾರು. ಬಿಸಿಲು ನೆತ್ತಿಯ ಮೇಲಿತ್ತು. ಮೈ ಬೆವರಿ ಕಣ್ಣು ಕತ್ತಲೆ ಬಂತು. ಇಳಿದರೆ ಮತ್ತೆ ಹತ್ತಬೇಕಲ್ಲ ಎನಿಸಿತು. ಬಂಡೆಯ ಮೇಲೆ ಕುಕ್ಕರಿಸಿ ಕೆಳಗೆ ಬಗ್ಗಿ ನೋಡಿದೆ, ಸಪಾಟು ಜಾಗದ ಒಂದು ತುಂಡು ಕಂಡಿತು. ಇನ್ನೊಂದು ಇಪ್ಪತ್ತು ಇದ್ದೀತು ಎಂದುಕೊಂಡೆ. ಮೇಲೆ ಬಂದು, "ಐವತ್ತು ಮಾರು," ಎಂದೆ.

"ಸರಿ ಅಳೆದ್ರಲ್ಲ?"

"ಅಳೆಯದೆ ಹೇಳ್ತೇನೆಯೇ ಮಾರಾಯಾ?"

"ಆತು. ಐದನೇ ಕೆಂಪಿಗೆ," ಎಂದ ಅವನು. ಇನ್ನೊಮ್ಮೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಇಳಿಸಿದೆವು. ನಾನು ಸೋಮಯ್ಯನ ಪಕ್ಕದಲ್ಲೇ ನಿಂತು ಗೋಣಿಚೀಲಕ್ಕೆ ನೀರು ಹೊಯ್ಯುತ್ತಿದ್ದೆ. ಅವನು ಇಪ್ಪತ್ತಾರು ವರ್ಷಗಳಲ್ಲಿ ಹಿಡಿದದ್ದರಲ್ಲೆಲ್ಲ ಭಾರವಾದದ್ದು ಅದೇ ಇರಬೇಕು. ಕತ್ತಿನ ನರ ಉಬ್ಬಿ, ಹಿಮ್ಮಡಿ ಮಣ್ಣಿನಲ್ಲಿ ಹೂತುಹೋಗಿತ್ತು. ಒಂದನೆಯ ಕೆಂಪು ಹೋಯಿತು. ಎರಡು. ಮೂರು. ಅಡ್ಡ ಬಂಡೆಯನ್ನು ದಾಟುವಾಗ ಹಗ್ಗ ಕಿರುಗುಟ್ಟಿತು, ಅವನು ನಿಲ್ಲಿಸಿ ಉಸಿರು ತೆಗೆದುಕೊಂಡ. ನಾಲ್ಕು. ಆಮೇಲೆ ಐದನೆಯ ಕೆಂಪು ಬಂತು, ಬಂದದ್ದೇ ತಡ ಹಗ್ಗ ಸಡಿಲವಾಯಿತು.

"ಕೂತ್ಕಂತು," ಎಂದ ಸೋಮಯ್ಯ. ಸುತ್ತು ಬಿಚ್ಚಿದ. ಹಗ್ಗ ಬಿಟ್ಟ.

ದಿಮ್ಮಿ ಕೂತದ್ದು ನಿಜ. ಆದರೆ ಸಪಾಟಿನಲ್ಲಲ್ಲ. ಸಪಾಟಿಗೆ ಇನ್ನೂ ಎಂಟು ಮಾರು ಇರುವಾಗ ಕೊರಕಲಿನಲ್ಲಿ ಒಂದು ಮೆಟ್ಟಿಲಿನಂಥ ಜಾಗವಿತ್ತು, ಅಲ್ಲಿ ಅದರ ಮೂಗು ತಗುಲಿ ನಿಂತಿತ್ತು. ನಾನು ಕೆಳಗಿಳಿದು ಅಳೆದಿದ್ದರೆ ಆ ಮೆಟ್ಟಿಲು ನನ್ನ ಕಾಲಿಗೇ ತಗುಲುತ್ತಿತ್ತು.

ಮಾಬ್ಲ ಕೆಳಗೆ ಕಾದ. ದಿಮ್ಮಿ ಯಾಕೆ ನಿಂತಿತು ಎಂದು ಕೂಗಿದ, ನಮಗೆ ಕೇಳಿಸಲಿಲ್ಲ. ಆಮೇಲೆ ಹಾರೆ ತೆಗೆದುಕೊಂಡು ಮೇಲೆ ಹತ್ತಿ ಬಂದು ದಿಮ್ಮಿಯ ಮೂಗಿನ ಕೆಳಗೇ ನಿಂತು ಮೀಟಿದ. ದಿಮ್ಮಿ ಸಪಾಟಿಗೆ ಮುಟ್ಟುವ ಮೊದಲು ಸೋಮಯ್ಯಣ್ಣ ಹಗ್ಗ ಬಿಡುವವನಲ್ಲ ಎಂಬುದು ಅವನಿಗೆ ಸೂರ್ಯ ಮೂಡಣದಲ್ಲಿ ಹುಟ್ಟುವಷ್ಟು ಖಾತ್ರಿ. ಹಗ್ಗ ಬಿಟ್ಟಾಗಿತ್ತು.

ನಮಗೆ ಕೇಳಿಸಿದ್ದು ದಿಮ್ಮಿ ಸಪಾಟಿಗೆ ಬಡಿದ ಸದ್ದು. ಸೋಮಯ್ಯನ ಮುಖ ನೋಡಿದೆ. "ಕೂತಿದ್ದು ಈಗ," ಎಂದ, ಅಷ್ಟೇ. ಮೊಣಕಾಲು ಕೇಳುವುದಿಲ್ಲ ಎಂದಿದ್ದ ಮನುಷ್ಯ ಆ ಕೊರಕಲಿನಲ್ಲಿ ಕೂತು, ಜಾರಿ, ಮುಳ್ಳಿನ ಮೇಲೇ ಇಳಿದು ನನಗಿಂತ ಮೊದಲು ಕೆಳಗೆ ಮುಟ್ಟಿದ.

ಮಾಬ್ಲನ ಜೀವ ಇತ್ತು. ಬಲಗಾಲು ಮೊಣಕಾಲಿನ ಕೆಳಗೆ ಇದ್ದೂ ಇಲ್ಲದಂತಾಗಿತ್ತು. ಕಂಬಳಿಗೆ ಎರಡು ಗಳ ಕಟ್ಟಿ ಅವನನ್ನು ಹೊತ್ತು, ಮತ್ತಿಯ ದಿಮ್ಮಿ ಏರಿಸಲು ಬಂದಿದ್ದ ಲಾರಿಯಲ್ಲೇ ಕುಮಟಾ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಕಾಲು ತೆಗೆದರು. ಲಾರಿಗೆ ಏರಿಸುವಾಗ ಅವನು ಕಣ್ಣು ತೆರೆದು ಸೋಮಯ್ಯನನ್ನೇ ನೋಡಿದ. "ಬಿಟ್ಯಲ್ಲ ಅಣ್ಣಾ," ಎಂದ. ಅವನು ಸೋಮಯ್ಯನ ಜೊತೆ ಆಡಿದ ಕೊನೆಯ ಮಾತು ಅದು.

ಸಂಜೆ ಶ್ಯಾನಭಾಗರು ಬಂದು ಎಲ್ಲರೆದುರು ಕೇಳಿದರು, "ಹೇಗಾಯಿತು ಸೋಮಯ್ಯ?"

ಸೋಮಯ್ಯ ತನ್ನ ಅಂಗೈಗಳನ್ನೇ ನೋಡುತ್ತಿದ್ದ.

"ಕೈ ಸೋತು ಒಡೆಯಾ. ವಯಸ್ಸಾತು."

ನಾನು ಅಲ್ಲೇ ನಿಂತಿದ್ದೆ, ಎರಡು ಹೆಜ್ಜೆ ದೂರದಲ್ಲಿ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಅವನಿಗೇ ಹಾಗನಿಸಿದ್ದರೆ ಇರಲಿ, ಎಂದು ನನಗೆ ನಾನೇ ಹೇಳಿಕೊಂಡೆ. ಥೂ! ಈಗ ಹೇಳುವಾಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಎದ್ದಾಗ ಸೋಮಯ್ಯ ಬಿಡಾರದಲ್ಲಿರಲಿಲ್ಲ. ಬಿಸಿಲೇರಿದ ಮೇಲೆ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. ಎರಡೂ ತೋಳುಗಳ ಮೇಲೆ ಹೊಸ ಮುಳ್ಳಿನ ಗೀರು, ಅಂಗಿ ಹರಿದಿತ್ತು.

"ಎಲ್ಲಿ ಹೋಗಿದ್ದೆ ಸೋಮಯ್ಯಣ್ಣ?"

"ಹಗ್ಗ ತರೂಕೆ. ಮಾಸ್ತಿ ಹೊಸೆದದ್ದು, ಕಾಡಲ್ಲಿ ಬಿಟ್ಟು ಹೋಗೂಕೆ ಆಗ್ತದ್ಯಾ?" ಎಂದು ನನ್ನನ್ನು ಒಂದು ಗಳಿಗೆ ನೋಡಿದ. ಇನ್ನೇನೋ ಹೇಳುತ್ತಾನೆ ಎಂದುಕೊಂಡೆ. "ಬತ್ತೆ ಮೇಸ್ತ್ರೇರೇ," ಎಂದು ಕೈ ಮುಗಿದು ಇಳಿದು ಹೋದ. ಆಮೇಲೆ ಅವನು ಯಾವ ಕೂಪಿಗೂ ಬರಲಿಲ್ಲ.

ಅವನು ಬರದಿದ್ದರೂ ಅವನ ಹೆಸರು ಮಾತ್ರ ಕೂಪಿನಿಂದ ಕೂಪಿಗೆ ಬಂತು. ಆಡುವ ಬಾಯಿಗೆ ಬಾಗಿಲು ಎಲ್ಲಿ? ಯಾರಾದರೂ ಕೆಲಸ ನಡುವೆ ಬಿಟ್ಟರೆ, "ಎಂತದಾ, ಸೋಮಯ್ಯನ ಹಾಂಗೆ ಬಿಟ್ಯಲ್ಲ?" ಎನ್ನುವ ಮಾತು ಹುಟ್ಟಿಕೊಂಡಿತು. ಅವನನ್ನು ಕಣ್ಣಿಂದ ನೋಡದವರೂ ಹಾಗೆಂದು ನಗುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಪ್ರತಿ ಸಲವೂ ಹೆಗಲು ಮುಟ್ಟಿಕೊಳ್ಳುತ್ತಿದ್ದೆ, ಆದರೆ ಯಾರಿಗೂ ಕಾಣದಂತೆ. ಆಮೇಲಿನ ವರ್ಷಗಳಲ್ಲಿ ಯಾವ ಇಳಿಜಾರನ್ನೂ ಮೂರು ಮೂರು ಸಲ ಅಳೆಯುತ್ತಿದ್ದೆ. ಮೇಸ್ತ್ರಿಗೆ ಅಳತೆಯ ಹುಚ್ಚು ಎಂದು ಆಳುಗಳು ನಗುತ್ತಿದ್ದರು. ಅಳೆಯಬೇಕಾದಲ್ಲಿ ಅಳೆಯದೆ, ಆಮೇಲೆ ಊರೆಲ್ಲ ಅಳೆದರೆ ಏನು ಬಂತು?

೧೯೬೬ರ ಮಳೆಗಾಲದಲ್ಲಿ ಸೋಮಯ್ಯ ತೀರಿಕೊಂಡ. ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ಭಟ್ಕಳದಿಂದ ಬಂದ ಲಾರಿಯವನೊಬ್ಬ ಹೇಳಿದಾಗ. ಆ ದಿನ ಊಟ ಸೇರಲಿಲ್ಲ. ಅಷ್ಟಾದರೂ ಹೋಗಲಿಲ್ಲ. ಮಳೆ ಕಳೆಯಲಿ ಎಂದೆ, ಹಬ್ಬ ಕಳೆಯಲಿ ಎಂದೆ. ಮರುವರ್ಷ ಏಪ್ರಿಲಿನಲ್ಲಿ, ಒಂದು ದಿನ ಇನ್ನು ತಡೆಯಲಾರದೆ, ಹೊನ್ನಾವರದ ಹೊಳೆಯನ್ನು ದೋಣಿಯಲ್ಲಿ ದಾಟಿ, ಆಚೆ ಬಸ್ಸು ಹಿಡಿದು ಜಾಲಿಗೆ ಹೋದೆ.

ಮಾಸ್ತಮ್ಮ ಹಿತ್ತಿಲಲ್ಲಿ ಸಿಪ್ಪೆ ಬಡಿಯುತ್ತಿದ್ದಳು. ನನ್ನನ್ನು ಕಂಡು ಕೊಡತಿ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿ, ಮಣೆ ಹಾಕಿದಳು. ಬೆಲ್ಲ, ನೀರು ಕೊಟ್ಟಳು. ನಾನು ಕೂತೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಸಿಪ್ಪೆಯ ಬಗ್ಗೆ, ಬಿಸಿಲಿನ ಬಗ್ಗೆ ನಾಲ್ಕು ಮಾತಾಡಿದೆ. ಆಮೇಲೆ, "ಅಕ್ಕಾ, ಒಂದು ಮಾತು ಹೇಳಬೇಕಿತ್ತು," ಎಂದೆ. "ಆ ದಿನದ್ದು. ಆ ಕೊರಕಲು..."

"ಐವತ್ತೆಂಟು ಮಾರು," ಎಂದಳು ಮಾಸ್ತಮ್ಮ.

ನನ್ನ ಬಾಯಲ್ಲಿದ್ದ ಬೆಲ್ಲ ಹಾಗೇ ನಿಂತಿತು.

"ಮರುದಿನವೇ ಇಳಿದು ಅಳೆದಿದ್ರು ಅವ್ರು. ಇದೇ ಹಗ್ಗದಲ್ಲಿ," ಎಂದು ಜಗಲಿಯ ಮೂಲೆ ತೋರಿಸಿದಳು. ಕೆಂಪು ಚಿಂದಿಗಳ ಆ ಸುರುಳಿ ಅಲ್ಲೇ ನೇತಾಡುತ್ತಿತ್ತು. "ಮನೆಗೆ ಬಂದವ್ರು ಯಾರಿಗೂ ಎಂತಾ ಹೇಳ್ಲಿಲ್ಲ. ನಾ ನನ್ನದೇ ತಪ್ಪು ಅಂದ್ಕಂಡೆ. ಚಿಂದಿ ಹಾಕೂಕೆ ನಾನೇ ಎಲ್ಲೋ ಕೈ ತಪ್ಪಿದ್ದೆ, ಒಬ್ಬನ ಕಾಲು ಕಳೆದೆ ಅಂತ. ದಿನಾ ಹಗ್ಗ ಬಿಚ್ಚೂದು, ಕೈ ಚಾಚಿ ಅಳೆಯೂದು. ಅನ್ನ ನೀರು ಬಿಟ್ಟೆ. ಅದನ್ನ ನೋಡೂಕಾಗದೆ ಹೇಳಿದ್ರು. ನಿನ್ನ ಚಿಂದಿ ಸರಿ ಅದೆ ಮಾಸ್ತಿ, ಮೇಸ್ತ್ರಿ ಐವತ್ತು ಅಂದ್ರು, ಇದ್ದದ್ದು ಐವತ್ತೆಂಟು, ಅಂದ್ರು."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಅಕ್ಕಾ?"

"ಕೇಳಿದ್ದೆ. 'ಮೇಸ್ತ್ರಿಗೆ ಮೂರು ಸಣ್ಣ ಮಕ್ಳು, ಇನ್ನೂ ಕೂಪು ತಿರುಗಬೇಕು. ಅಳೆಯದೆ ಹೇಳೂ ಮೇಸ್ತ್ರಿ ಅಂದ್ರೆ ನಾಳೆ ಯಾರು ಕೆಲಸ ಕೊಡ್ತ್ರು? ನಂಗೆ ಹ್ಯಾಂಗೂ ಸಾಕಾಗಿತ್ತು' ಅಂದ್ರು." ಅವಳು ಕೊಡತಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಮತ್ತೊಂದು ಮಾತು ಹೇಳಿದ್ರು. 'ಮೇಸ್ತ್ರಿ ಕೆಟ್ಟ ಮನಸ್ಸಿನವ ಅಲ್ಲ. ತಾನೇ ಒಂದು ದಿನ ಬಂದು ಹೇಳ್ತ, ಆಗ ಇಬ್ರೂ ಸೇರಿ ಮಾಬ್ಲನ ಮನೆಗೆ ಹೋಗೂದು' ಅಂತ. ಬಸ್ಸು ಬಂದ ಸದ್ದಾದ್ರೆ ಬಾಗಿಲಿಗೆ ಬರ್ತಿದ್ರು. ಐದು ವರ್ಷ ಕಾದ್ರು."

ನಾನು ಅತ್ತುಬಿಟ್ಟೆ. ಮೂವತ್ತೊಂಬತ್ತು ವರ್ಷದ ಗಂಡಸು ಸಿಪ್ಪೆಯ ರಾಶಿಯ ಪಕ್ಕ ಕೂತು ಹೋ ಎಂದು ಅತ್ತೆ. ಅವಳು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಸಿಪ್ಪೆ ಬಡಿಯುತ್ತಲೇ ಇದ್ದಳು. ನಾನು ಮುಗಿಸಿದ ಮೇಲೆ, "ನಂಗೆ ಹೇಳಿ ಎಂತ ಆಗೂದದೆ? ಮಾಬ್ಲನಿಗೆ ಹೇಳಿ," ಎಂದಳು.

ಹೋದೆ. ಕಾಲು ಕಳೆದುಕೊಂಡ ಮೇಲೆ ಮಾಬ್ಲ ಗುಡ್ಡದ ಬುಡ ಬಿಟ್ಟು ಕುಮಟಾದ ಹತ್ತಿರ ಮಾದಿಯ ತವರಿನಲ್ಲೇ ಇದ್ದ. ಈರುಳ್ಳಿ ಕಿತ್ತ ಕಾಲ. ಅಂಗಳದ ಹಲಸಿನ ಮರದ ನೆರಳಿನಲ್ಲಿ ಒಂದು ಕಾಲು ಚಾಚಿ ಕೂತು ಈರುಳ್ಳಿಯ ಗೊಂಚಲು ಹೆಣೆಯುತ್ತಿದ್ದ. ಹಾಡು ಇರಲಿಲ್ಲ. ನನ್ನನ್ನು ನೋಡಿ, "ಬನ್ನಿ ಮೇಸ್ತ್ರೇರೇ, ಕೂತ್ಕಳಿ," ಎಂದ.

ಕೂರದೆ ನಿಂತೇ ಹೇಳಿದೆ. ಮೂವತ್ತು ಮಾರಿಗೆ ನಿಂತದ್ದು, ಬಗ್ಗಿ ನೋಡಿ ಇಪ್ಪತ್ತು ಎಂದದ್ದು, ಅಳೆದೆ ಎಂದು ಸುಳ್ಳು ಹೇಳಿದ್ದು, ಸೋಮಯ್ಯನ ಕೈ ತಪ್ಪಿರಲಿಲ್ಲ ಎಂಬುದು. ಅವನು ಎಲ್ಲ ತಿಳಿದೂ ಬಾಯಿಬಿಡದೆ ಸತ್ತದ್ದು. ಮಾಬ್ಲ ಹೆಣೆಯುತ್ತಲೇ ಕೇಳಿದ. ಹೊಡೆಯಲಿ, ಉಗುಳಲಿ ಎಂದು ಕಾದೆ. ಅವನು ಗೊಂಚಲಿನ ತುದಿಗೆ ಗಂಟು ಹಾಕಿ, ಅದನ್ನು ಪಕ್ಕಕ್ಕಿಟ್ಟ.

"ಸೋಮಯ್ಯಣ್ಣ ಎರಡು ಸಲ ಬಂದಿದ್ದ ಇಲ್ಲಿಗೆ," ಎಂದ. "ನೀವು ನಿಂತ್ರಲ್ಲ, ಅಲ್ಲೇ ಕೂತಿದ್ದ. ನಾ ಒಳಗಿಂದ ಬರ್ಲೇ ಇಲ್ಲ. ಮಾದಿ ನೀರು ಕೊಟ್ಟಿದ್ದಕ್ಕೆ ಕುಡ್ಕಂಡು ಎದ್ದು ಹೋದ."

ನಾನು ಆ ಜಾಗದಿಂದ ಕಾಲು ಒಂದಿಷ್ಟು ಹಿಂದೆ ತೆಗೆದೆ.

"ಸತ್ತಾಗ ಜಾಲಿಯಿಂದ ಜನ ಕಳಸಿದ್ರು. ಹೋಗ್ಲಿಲ್ಲ. ಹಗ್ಗ ಬಿಟ್ಟವನ ಚಿತೆಗೆ ನನ್ನ ಕೈಯ ಕಟ್ಟಿಗೆ ಬ್ಯಾಡ ಅಂತ ಹೇಳಿ ಕಳಸ್ದೆ. ಹಾಂಗೇ ಹೇಳ್ದೆ, ಮಾಸ್ತಮ್ಮಕ್ಕನಿಗೆ ಮುಟ್ಟೂ ಹಾಂಗೆ." ಅವನು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಒಳ್ಳೆಯದಿತ್ತು. "ಕಾಲು ಹೋದದ್ದು ಇರ್ಲಿ ಮೇಸ್ತ್ರೇರೇ, ಅದು ರೂಢಿ ಆತು. ಈಗ ಆ ಮಾತು ನಾ ಹ್ಯಾಂಗೆ ವಾಪಸ್ ತಕಳೂದು? ನೀವು ಓದಿದವ್ರು. ಅದೊಂದು ಹೇಳಿಕೊಡಿ."

ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಒಳಗಿನಿಂದ ಮಾದಿ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟಳು.